ಆಫ್ರಿಕಾದ ಪಾಠವನ್ನು ಗುಲಾಮರ ಹಡಗಿನಿಂದ ಆರಂಭಿಸಬೇಡಿ: ವಿಶ್ವ ಇತಿಹಾಸದ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಆಫ್ರಿಕಾದ ಪಾಠ ಮುಗಿದ ಮೇಲೆ ಉತ್ತರ ಪತ್ರಿಕೆ ತಿದ್ದಲು ಕುಳಿತರೆ ಬಹುಪಾಲು ಹಾಳೆಗಳಲ್ಲಿ ಒಂದೇ ಕಥೆ: ಅಲ್ಲಿನ ಜನ ಕಾಡಿನಲ್ಲಿದ್ದರು, ಯುರೋಪಿಯನ್ನರು ಹಿಡಿದು ಗುಲಾಮರನ್ನಾಗಿ ಮಾಡಿದರು, ಮಂಡೇಲಾ ಹೋರಾಡಿ ಬಿಡಿಸಿದರು. ಕಾಟಾಚಾರಕ್ಕೆ ಪಾಠ ಮಾಡುವವರಿರಲಿ, ಶ್ರದ್ಧೆಯಿಂದ ಮಾಡುವವರ ತರಗತಿಯಲ್ಲೂ ಇದೇ ಫಲ. ವಿಡಿಯೊ ತೋರಿಸಿದರೂ ಚಾರ್ಟ್ ಅಂಟಿಸಿದರೂ ಬದಲಾಗದು. ಕಾರಣ ಪಾಠದ ಸರದಿಯಲ್ಲಿದೆ. ಒಂದು ಜನಸಮುದಾಯ ತರಗತಿಯೊಳಗೆ ಮೊದಲ ಬಾರಿ ಕಾಲಿಡುವುದೇ ಸಂಕೋಲೆ ತೊಟ್ಟು ಎಂದಾದರೆ, ಆಮೇಲೆ ಎಷ್ಟು ಅರಮನೆಗಳನ್ನು ತೋರಿಸಿದರೂ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಸಂಕೋಲೆಯೇ.

ಇದನ್ನು ಸರಿಪಡಿಸಲು ಹೊರಟವರು ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. ಚಿನ್ನದ ರಾಜ, ಪಿರಮಿಡ್, ‘ಜಗತ್ತಿನಲ್ಲೇ ಮೊದಲು’ ಎಂಬ ಹೊಗಳಿಕೆ. ಮಕ್ಕಳು ಅಯ್ಯೋ ಎನ್ನುವ ಬದಲು ಅಬ್ಬಾ ಎನ್ನುತ್ತಾರೆ, ಅಷ್ಟೇ. ಎರಡರಲ್ಲೂ ಆಫ್ರಿಕಾದವರು ಯೋಚಿಸಿ, ಲೆಕ್ಕ ಹಾಕಿ, ತಪ್ಪಿ, ತಿದ್ದಿಕೊಂಡು ಬದುಕಿದ ಮನುಷ್ಯರಾಗಿ ಕಾಣುವುದಿಲ್ಲ. ಕೆಳಗಿನ ಕ್ರಮ ಪ್ರೌಢಶಾಲೆಗೂ ಪಿಯು ತರಗತಿಗೂ ಹೊಂದುತ್ತದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಅದರಲ್ಲೂ ಗುಲಾಮಗಿರಿಯ ಪಾಠವಾದ ಏಳನೆಯ ಹಂತವನ್ನು ಮೊದಲಿಗೆ ತರಲೇಬೇಡಿ.

## ಬೇಕಾದ ಸಾಮಗ್ರಿ

ದುಬಾರಿಯದು ಏನೂ ಇಲ್ಲ. ದೇಶಗಳ ವಿಸ್ತೀರ್ಣವನ್ನು ಸರಿಯಾದ ಪ್ರಮಾಣದಲ್ಲಿ ತೋರಿಸುವ ಒಂದು ವಿಶ್ವ ನಕ್ಷೆ, ತರಗತಿಯ ಉದ್ದಕ್ಕೆ ಕಟ್ಟಲು ಹಗ್ಗ ಮತ್ತು ಬಟ್ಟೆ ಕ್ಲಿಪ್, ಅರ್ಧ ಪುಟ ಮೀರದ ಆಕರಗಳ ಜೆರಾಕ್ಸ್ ಪ್ರತಿಗಳು, ನಾಲ್ಕೈದು ಚಿತ್ರಗಳು. ಪ್ರೊಜೆಕ್ಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ವಾರ್ಷಿಕ ಪಾಠ ಯೋಜನೆಯ ಪ್ರತಿ ಕೈಯಲ್ಲಿರಲಿ. ಮೂರನೆಯ ಹಂತ ನಿಂತಿರುವುದೇ ಅದರ ಮೇಲೆ.

## ಹಂತ 1: ಮಕ್ಕಳ ತಲೆಯಲ್ಲಿರುವುದನ್ನು ಮೊದಲು ಚೀಟಿಗಿಳಿಸಿ

ಪಾಠ ಆರಂಭಿಸುವ ಮುನ್ನ ಐದು ನಿಮಿಷ ಕೊಟ್ಟು, ಆಫ್ರಿಕಾ ಎಂದೊಡನೆ ನೆನಪಿಗೆ ಬರುವ ಐದು ಸಂಗತಿಗಳನ್ನು ಹೆಸರು ಹಾಕದೆ ಬರೆಯಲು ಹೇಳಿ. ಸಿಂಹ, ಬಿಸಿಲು, ಬಡತನ, ಕ್ರಿಕೆಟ್ ಆಟಗಾರರು, ಸಿನಿಮಾದ ಕಾಡು ಜನ, ಇವೆಲ್ಲ ಬರುತ್ತವೆ. ಆ ಕ್ಷಣದಲ್ಲಿ ಯಾವುದನ್ನೂ ತಿದ್ದಬೇಡಿ. ತಿದ್ದಿದರೆ ಮಕ್ಕಳು ನಿಮಗೆ ಬೇಕಾದ ಉತ್ತರವನ್ನು ಊಹಿಸಲು ಕಲಿಯುತ್ತಾರೆ, ಅಭಿಪ್ರಾಯ ಮಾತ್ರ ಇದ್ದಲ್ಲೇ ಇರುತ್ತದೆ.

ಚೀಟಿಗಳನ್ನು ಮನೆಗೆ ಒಯ್ದು ವಿಂಗಡಿಸಿ. ಪ್ರಾಣಿ ಮತ್ತು ನಿಸರ್ಗ ಒಂದು ಕಡೆ, ಸಂಕಟ ಇನ್ನೊಂದು ಕಡೆ, ಊರು, ವ್ಯಾಪಾರ, ವಿದ್ಯೆ, ಆಡಳಿತ ಮತ್ತೊಂದು ಕಡೆ. ಮೂರನೆಯ ಗುಂಪು ಸಾಮಾನ್ಯವಾಗಿ ಖಾಲಿ. ಪಾಠವನ್ನು ಅಲ್ಲಿಂದ ಕಟ್ಟಬೇಕು.

ಇಲ್ಲೊಂದು ಎಚ್ಚರಿಕೆ. ಕಪ್ಪು ಮೈಬಣ್ಣದ ಮಾತು ಬಂದೊಡನೆ ಹಿಂದಿನ ಬೆಂಚಿನಿಂದ ಯಾರೋ ತರಗತಿಯ ಒಬ್ಬ ಹುಡುಗನ ಅಥವಾ ಹುಡುಗಿಯ ಹೆಸರು ಕೂಗುವುದುಂಟು. ನಮ್ಮ ಮನೆಗಳಲ್ಲಿ ‘ಬೆಳ್ಳಗಿರುವ ಹುಡುಗಿ’ ಎಂಬುದು ಇನ್ನೂ ಮದುವೆಯ ಜಾಹೀರಾತಿನ ಮಾತು, ಮಕ್ಕಳು ಅದನ್ನೇ ತರಗತಿಗೆ ತರುತ್ತಾರೆ. ನಕ್ಕು ಮುಂದೆ ಸಾಗಿದರೆ ಆ ಮಗು ಇಡೀ ಪಾಠದುದ್ದಕ್ಕೂ ತಲೆ ತಗ್ಗಿಸಿ ಕೂರುತ್ತದೆ. ಅಲ್ಲೇ ನಿಲ್ಲಿಸಿ, ಒಂದೇ ವಾಕ್ಯದಲ್ಲಿ ಖಂಡಿಸಿ, ಭಾಷಣ ಮಾಡದೆ ಪಾಠಕ್ಕೆ ಮರಳಿ. ಗದರಿದ್ದು ಉದ್ದವಾದಷ್ಟೂ ತರಗತಿಯ ಕಣ್ಣೆಲ್ಲ ಆ ಮಗುವಿನ ಮೇಲೆಯೇ ಇರುತ್ತದೆ.

## ಹಂತ 2: ನಕ್ಷೆಯನ್ನು ಸರಿಪಡಿಸಿ

ಶಾಲೆಯ ಗೋಡೆಯ ಮೇಲೆ ಸಾಮಾನ್ಯವಾಗಿ ತೂಗುವುದು ಮರ್ಕೇಟರ್ ಮಾದರಿಯ ನಕ್ಷೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಮತ್ತು ಆಫ್ರಿಕಾ ಹೆಚ್ಚುಕಡಿಮೆ ಒಂದೇ ಗಾತ್ರ. ನಿಜದಲ್ಲಿ ಆಫ್ರಿಕಾ 14 ಪಟ್ಟು ದೊಡ್ಡದು. ಸುಮಾರು 3 ಕೋಟಿ ಚದರ ಕಿಲೋಮೀಟರ್ ವಿಸ್ತೀರ್ಣದ ಆ ಖಂಡದೊಳಗೆ ಭಾರತ, ಚೀನಾ, ಅಮೆರಿಕ ಮೂರನ್ನೂ ಇಟ್ಟು ಇನ್ನೂ ಜಾಗ ಉಳಿಯುತ್ತದೆ. ಇದನ್ನು ಬಾಯಲ್ಲಿ ಹೇಳಬೇಡಿ, ಕೈಯಲ್ಲಿ ಮಾಡಿಸಿ. ವಿಸ್ತೀರ್ಣ ಸರಿಯಾಗಿರುವ ನಕ್ಷೆಯಿಂದ ಈ ಮೂರು ದೇಶಗಳ ಆಕಾರವನ್ನು ಕತ್ತರಿಸಿ ಆಫ್ರಿಕಾದ ಮೇಲೆ ಇಡಲು ಗುಂಪುಗಳಿಗೆ ಹೇಳಿ. ಗೋಡೆಯ ಮರ್ಕೇಟರ್ ನಕ್ಷೆಯನ್ನೇ ಕತ್ತರಿಸಿದರೆ ಲೆಕ್ಕ ಕೆಡುತ್ತದೆ. ತುಂಬ ಜನ ಎಡವುವುದು ಇಲ್ಲಿಯೇ.

ಮುಂದಿನ ಕೆಲಸ, ಖಂಡವನ್ನು ವಲಯಗಳಾಗಿ ಒಡೆಯುವುದು. 54 ದೇಶಗಳ ಪಟ್ಟಿ ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ. ಐದು ವಲಯ ಸಾಕು: ನೈಲ್ ಕಣಿವೆ, ಇಥಿಯೋಪಿಯಾದ ಎತ್ತರದ ನೆಲ, ಸಹಾರಾದ ದಕ್ಷಿಣ ಅಂಚಿನ ಪಶ್ಚಿಮ ಆಫ್ರಿಕಾ, ಹಿಂದೂ ಮಹಾಸಾಗರದ ಸ್ವಾಹಿಲಿ ಕರಾವಳಿ, ದಕ್ಷಿಣದ ಪ್ರಸ್ಥಭೂಮಿ. ಇನ್ನು ಮುಂದೆ ‘ಆಫ್ರಿಕಾದಲ್ಲಿ’ ಎಂದು ಯಾರು ವಾಕ್ಯ ಆರಂಭಿಸಿದರೂ ‘ಎಲ್ಲಿ, ಯಾವ ಶತಮಾನದಲ್ಲಿ?’ ಎಂದು ತರಗತಿಯೇ ಕೇಳುವ ರೂಢಿ ಬೆಳೆಸಿ. ಆ ಪ್ರಶ್ನೆ ನಿಮ್ಮನ್ನೂ ಕೇಳಲಿ.

‘ಕಗ್ಗತ್ತಲೆಯ ಖಂಡ’ ಎಂಬ ಹಳೆಯ ಶೀರ್ಷಿಕೆ ನಿಮ್ಮ ಟಿಪ್ಪಣಿಯಲ್ಲಿ ಉಳಿದಿದ್ದರೆ ಈಗಲೇ ಹೊಡೆದುಹಾಕಿ.

## ಹಂತ 3: ಪ್ರತ್ಯೇಕ ಪಾಠ ಬೇಡ, ಇರುವ ಪಾಠಗಳೊಳಗೆ ಸೇರಿಸಿ

ಪಠ್ಯ ಮುಗಿಸಲು ಅವಧಿಗಳೇ ಸಾಲುವುದಿಲ್ಲ ಎಂಬ ದೂರು ನ್ಯಾಯವಾದದ್ದು. ಆದರೆ ಆಫ್ರಿಕಾಕ್ಕೆಂದು ಒಂದು ವಾರ ತೆಗೆದಿಡುವುದು ಬೇಕಾಗಿಯೂ ಇಲ್ಲ. ಹಾಗೆ ತೆಗೆದಿಟ್ಟರೆ ಮಕ್ಕಳು ಅದನ್ನು ಪರೀಕ್ಷೆಗೆ ಬಾರದ ಪಾಠ ಎಂದು ಎಣಿಸುತ್ತಾರೆ. ಈಗಾಗಲೇ ಇರುವ ಪ್ರತಿ ಘಟಕದಲ್ಲಿ ಹತ್ತು ಹದಿನೈದು ನಿಮಿಷ ಕಂಡುಕೊಳ್ಳಿ. ಹಗ್ಗದ ಕಾಲರೇಖೆಗೆ ಆಯಾ ಚೀಟಿಯನ್ನು ಆಯಾ ದಿನವೇ ಕ್ಲಿಪ್ ಹಾಕಿ.

ಈಜಿಪ್ಟ್ ನಾಗರಿಕತೆಯ ಪಾಠದಲ್ಲಿ: ಈಜಿಪ್ಟ್ ಇರುವುದು ಆಫ್ರಿಕಾದಲ್ಲಿ ಎಂಬುದೇ ಅನೇಕ ಮಕ್ಕಳಿಗೆ ಹೊಸ ಸುದ್ದಿ. ಅದರ ದಕ್ಷಿಣಕ್ಕೆ, ಇಂದಿನ ಸುಡಾನ್‌ನಲ್ಲಿದ್ದ ಕುಶ್ ರಾಜ್ಯವನ್ನು ಸೇರಿಸಿ. ಕ್ರಿ.ಪೂ. 8ನೇ ಶತಮಾನದಲ್ಲಿ ಕುಶ್‌ನ ಅರಸ ಪಿಯೆ ಈಜಿಪ್ಟನ್ನು ಗೆದ್ದ. ಅವನ ವಂಶವನ್ನೇ ಈಜಿಪ್ಟಿನ 25ನೇ ರಾಜವಂಶ ಎಂದು ಎಣಿಸುತ್ತಾರೆ.

ರೋಮ್ ಪಾಠದಲ್ಲಿ: ಅಗಸ್ಟಸ್‌ನ ಕಾಲದಲ್ಲಿ ಕುಶ್‌ನ ರಾಣಿ ಅಮಾನಿರೆನಾಸ್ ರೋಮನ್ ಸೇನೆಯೊಂದಿಗೆ ಹೋರಾಡಿದಳು. ಕೊನೆಗಾದ ಒಪ್ಪಂದದಲ್ಲಿ ಕುಶ್‌ಗೆ ಕಪ್ಪಕಾಣಿಕೆ ಕೊಡುವ ಹೊರೆ ತಪ್ಪಿತು. ಆ ಕಾಲದ ಅಗಸ್ಟಸ್‌ನ ಕಂಚಿನ ತಲೆಯೊಂದು 1910ರಲ್ಲಿ ಕುಶ್‌ನ ರಾಜಧಾನಿ ಮೆರೋಯೆಯ ಉತ್ಖನನದಲ್ಲಿ ಸಿಕ್ಕಿತು. ಅದನ್ನು ಹೂತಿಟ್ಟದ್ದು ಮೆಟ್ಟಿಲಿನ ಕೆಳಗೆ, ಹತ್ತಿ ಇಳಿಯುವವರೆಲ್ಲ ಚಕ್ರವರ್ತಿಯ ತಲೆಯನ್ನು ತುಳಿದು ನಡೆಯುವಂತೆ. ಈ ಚಿತ್ರ ತೋರಿಸಿ ‘ಇದು ಇಲ್ಲಿಗೆ ಹೇಗೆ ಬಂತು?’ ಎಂದಷ್ಟೇ ಕೇಳಿ ಸುಮ್ಮನಾಗಿ. ಉಳಿದ ಪಾಠವನ್ನು ಮಕ್ಕಳೇ ಮಾಡುತ್ತಾರೆ.

ಧರ್ಮಗಳ ಪಾಠದಲ್ಲಿ: ಇಥಿಯೋಪಿಯಾದ ಎತ್ತರದ ನೆಲದಲ್ಲಿದ್ದ ಅಕ್ಸುಮ್ ರಾಜ್ಯದ ಅರಸ ಎಜಾನಾ 4ನೇ ಶತಮಾನದಲ್ಲೇ ಕ್ರೈಸ್ತ ಮತ ಸ್ವೀಕರಿಸಿದ. ರೋಮ್ ಸಾಮ್ರಾಜ್ಯ ಅದನ್ನು ಅಧಿಕೃತ ಧರ್ಮವಾಗಿ ಸಾರಿದ್ದು 380ರಲ್ಲಿ, ಅವನ ನಂತರ. ಇಸ್ಲಾಮಿನ ಪಾಠಕ್ಕೂ ಅಕ್ಸುಮ್ ಬೇಕು: ಮೆಕ್ಕಾದಲ್ಲಿ ಕಿರುಕುಳಕ್ಕೆ ಒಳಗಾದ ಪ್ರವಾದಿಯ ಅನುಯಾಯಿಗಳು 615ರ ಸುಮಾರಿಗೆ ಆಶ್ರಯ ಪಡೆದದ್ದು ಅಲ್ಲಿನ ಅರಸನ ಬಳಿ.

ಭೌಗೋಳಿಕ ಅನ್ವೇಷಣೆಗಳ ಪಾಠದಲ್ಲಿ: ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆ ತಲುಪುವ ಮೊದಲು ಸ್ವಾಹಿಲಿ ಕರಾವಳಿಯ ಮಾಲಿಂದಿಯಲ್ಲಿ ದಾರಿ ಬಲ್ಲ ನಾವಿಕನನ್ನು ಹತ್ತಿಸಿಕೊಂಡ. ಕಡಲ ದಾರಿ ಗೊತ್ತಿದ್ದ ಜನರಿಂದ ದಾರಿ ಕೇಳಿಕೊಂಡು ಬಂದವನನ್ನು ದಾರಿ ಕಂಡುಹಿಡಿದವನು ಎಂದು ಬರೆಸುವ ಮೊದಲು ಒಮ್ಮೆ ಯೋಚಿಸಿ. ಕಿಲ್ವಾ, ಮೊಂಬಾಸಾ, ಮಾಲಿಂದಿಗಳನ್ನು ನಕ್ಷೆಯಲ್ಲಿ ಗುರುತಿಸಿ.

ಫ್ರಾನ್ಸಿನ ಕ್ರಾಂತಿಯ ಪಾಠದಲ್ಲಿ: ಕೆರಿಬಿಯನ್‌ನಲ್ಲಿ ಫ್ರೆಂಚ್ ವಸಾಹತಾಗಿದ್ದ ಹೈಟಿಯಿಲ್ಲದೆ ಈ ಪಾಠ ಅರೆಬರೆ. ಏಳನೆಯ ಹಂತದಲ್ಲಿ ವಿವರವಿದೆ.

ಸಾಮ್ರಾಜ್ಯಶಾಹಿಯ ಪಾಠದಲ್ಲಿ: ಯುರೋಪಿನ ದೇಶಗಳು ಆಫ್ರಿಕಾದ ಹಂಚಿಕೆಗೆ ನಿಯಮ ಮಾಡಿಕೊಂಡ 1884–85ರ ಬರ್ಲಿನ್ ಸಮ್ಮೇಳನ ಹೇಳಿದ ಉಸಿರಿನಲ್ಲೇ 1896ರ ಮಾರ್ಚ್ 1ರ ಅಡ್ವಾ ಕದನವನ್ನೂ ಹೇಳಿ. ಇಥಿಯೋಪಿಯಾದ ಮೆನೆಲಿಕ್ ಮತ್ತು ರಾಣಿ ತಾಯ್ತು ಇಟಲಿಯ ಸೇನೆಯನ್ನು ಸೋಲಿಸಿದರು. ಜಗಳದ ಮೂಲ 1889ರ ಒಪ್ಪಂದ: ಅಮ್ಹಾರಿಕ್ ಪ್ರತಿಯಲ್ಲಿ ಒಂದು ಅರ್ಥ, ಇಟಾಲಿಯನ್ ಪ್ರತಿಯಲ್ಲಿ ಇಥಿಯೋಪಿಯಾವನ್ನೇ ಇಟಲಿಯ ಆಶ್ರಿತ ರಾಜ್ಯವಾಗಿಸುವ ಇನ್ನೊಂದು ಅರ್ಥ. ಸಹಾಯಕ ಸೈನ್ಯ ಪದ್ಧತಿಯನ್ನು ಓದಿದ ನಮ್ಮ ಮಕ್ಕಳಿಗೆ ಇದು ಥಟ್ಟನೆ ಹೊಳೆಯುತ್ತದೆ.

ವಸಾಹತುಗಳ ವಿಮೋಚನೆಯ ಪಾಠದಲ್ಲಿ: ಮಂಡೇಲಾ ಒಬ್ಬರಿಗೇ ನಿಲ್ಲಬೇಡಿ. 1957ರಲ್ಲಿ ಸ್ವತಂತ್ರವಾದ ಘಾನಾ, ಅದರ ನಾಯಕ ಕ್ವಾಮೆ ಎನ್‌ಕ್ರುಮಾ, 17 ದೇಶಗಳು ಬಿಡುಗಡೆ ಪಡೆದ 1960, ಇಷ್ಟು ಸಾಕು.

## ಹಂತ 4: ನಿಮ್ಮ ಟಿಪ್ಪಣಿಯ ಪ್ರತಿ ವಾಕ್ಯದಲ್ಲಿ ಕರ್ತೃವನ್ನು ಹುಡುಕಿ

ಪಾಠ ಟಿಪ್ಪಣಿ ಸಿದ್ಧವಾದ ಮೇಲೆ ಕೆಂಪು ಪೆನ್ನು ಹಿಡಿದು ಪ್ರತಿ ವಾಕ್ಯದ ಕರ್ತೃಪದಕ್ಕೆ ಗೆರೆ ಎಳೆಯಿರಿ. ‘ಪೋರ್ಚುಗೀಸರು ತಲುಪಿದರು, ಬ್ರಿಟಿಷರು ಆಕ್ರಮಿಸಿದರು, ಮಿಷನರಿಗಳು ಶಾಲೆ ತೆರೆದರು’ ಎಂದೇ ಸಾಗಿದ್ದರೆ ಆಫ್ರಿಕಾದವರು ನಿಮ್ಮ ಪಾಠದಲ್ಲಿ ಬರೀ ಕರ್ಮಪದ. ಪುಟಕ್ಕೆ ಅರ್ಧದಷ್ಟಾದರೂ ವಾಕ್ಯಗಳಲ್ಲಿ ಅವರು ಏನನ್ನೋ ಮಾಡುತ್ತಿರಬೇಕು: ಮಾರುತ್ತಿರಬೇಕು, ಕಟ್ಟುತ್ತಿರಬೇಕು, ವಾದಿಸುತ್ತಿರಬೇಕು, ಮೋಸ ಮಾಡುತ್ತಿದ್ದರೂ ಸರಿ. ಒಳ್ಳೆಯವರಾಗಿಯೇ ಕಾಣಬೇಕೆಂಬ ಹಟ ಬೇಡ.

## ಹಂತ 5: ಒಂದು ಆಕರವನ್ನು ಪೂರ್ತಿ ಓದಿಸಿ

ಇಡೀ ಕ್ರಮದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು. ಸಮಯ ಉಳಿಸಲು ಜನ ಮೊದಲು ಕೈಬಿಡುವ ಹಂತವೂ ಇದೇ. ಎರಡು ಅವಧಿ ಕೊಡಿ.

ಆಕರವಾಗಿ ಇಬ್ನ್ ಬತೂತನನ್ನು ಆರಿಸಿಕೊಳ್ಳಿ. ಮೊರಾಕ್ಕೋದ ಈ ಪ್ರವಾಸಿ 1331ರ ಸುಮಾರಿಗೆ ಕಿಲ್ವಾ ಕಂಡ, 1352–53ರಲ್ಲಿ ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿದ್ದ. ನಡುವೆ 1340ರ ದಶಕದಲ್ಲಿ ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನೂ ಹಾದು ಹೋದ. ಊರಿಗೆ ಮರಳಿದ ಮೇಲೆ ಹೇಳಿ ಬರೆಸಿದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಶಾಲೆಗಳನ್ನು ಕಂಡೆ ಎಂದವನೂ ಅವನೇ. ಒಬ್ಬನೇ ಮನುಷ್ಯ ಎರಡೂ ನೆಲಗಳನ್ನು ನೋಡಿ ಬರೆದಿದ್ದಾನೆ ಎಂಬುದರಿಂದ ಮಕ್ಕಳಿಗೆ ಮಾಲಿ ಒಮ್ಮೆಲೇ ಹತ್ತಿರದ ಊರಾಗುತ್ತದೆ.

ಓದಿಸುವ ಕ್ರಮ ಹೀಗಿರಲಿ. ಮೊದಲು ಊರಿನ ಹೆಸರು ಮರೆಮಾಡಿ ಉಡುಗೊರೆಯ ಪ್ರಸಂಗವನ್ನು ಕೊಡಿ. ಸುಲ್ತಾನನಿಂದ ಉಡುಗೊರೆ ಬಂದಿದೆ ಎಂದು ಕರೆ ಬರುತ್ತದೆ. ರೇಷ್ಮೆ ನಿಲುವಂಗಿಯೋ ಹಣವೋ ಇರಬಹುದೆಂದು ಅತಿಥಿ ಎದ್ದು ನಿಲ್ಲುತ್ತಾನೆ. ಬಂದದ್ದು ಮೂರು ರೊಟ್ಟಿ, ಹುರಿದ ಒಂದು ತುಂಡು ಗೋಮಾಂಸ, ಸೋರೆ ಬುರುಡೆಯಲ್ಲಿ ಮೊಸರು. ಅವನಿಗೆ ನಗು ತಡೆಯಲಾಗುವುದಿಲ್ಲ. ಮುಂದೊಂದು ದಿನ ಆಸ್ಥಾನದಲ್ಲೇ ಎದ್ದು, ‘ಲೋಕದ ದೊರೆಗಳನ್ನೆಲ್ಲ ನೋಡಿ ಬಂದಿದ್ದೇನೆ, ಬೇರೆ ಸುಲ್ತಾನರ ಮುಂದೆ ನಿನ್ನ ಬಗ್ಗೆ ಏನೆಂದು ಹೇಳಲಿ?’ ಎಂಬರ್ಥದಲ್ಲಿ ದೂರುತ್ತಾನೆ. ಆಮೇಲೆ ಅವನಿಗೆ ಮನೆ, ಭತ್ಯೆ ಎರಡೂ ಸಿಗುತ್ತವೆ. ಇದು ಯಾವ ಬಗೆಯ ರಾಜ್ಯ, ಆ ದೊರೆ ಬಡವನೋ ಜಿಪುಣನೋ, ಅತಿಥಿಯ ಮಾತನ್ನು ಎಷ್ಟು ನಂಬಬಹುದು, ಇವನ್ನು ಜೋಡಿಯಾಗಿ ಚರ್ಚಿಸಲಿ. ಹೆಸರು ಬಿಚ್ಚಿಡುವುದು ಆಮೇಲೆ: ಅದು ಮಾಲಿ, ದೊರೆ ಮನ್ಸಾ ಸುಲೈಮಾನ್.

ಎರಡನೆಯ ಅವಧಿಯಲ್ಲಿ ಮಾಲಿಯ ಬಗ್ಗೆ ಅವನು ಮೆಚ್ಚಿದ್ದನ್ನೂ ಹಳಿದದ್ದನ್ನೂ ಎರಡು ಪಟ್ಟಿ ಮಾಡಿಸಿ. ಅನ್ಯಾಯ ವಿರಳ, ದಾರಿಯಲ್ಲಿ ಕಳ್ಳರ ಭಯವಿಲ್ಲ, ಸತ್ತ ಪರದೇಶಿಯ ಸೊತ್ತನ್ನು ಕಬಳಿಸುವುದಿಲ್ಲ, ಮಕ್ಕಳ ಓದಿನ ಬಗ್ಗೆ ಕಟ್ಟುನಿಟ್ಟು, ಇವು ಮೆಚ್ಚಿಗೆ. ದೊರೆಯ ಮುಂದೆ ತಲೆಗೆ ಮಣ್ಣು ಎರಚಿಕೊಳ್ಳುವುದು, ಹೆಣ್ಣಾಳುಗಳು ಬಟ್ಟೆಯಿಲ್ಲದೆ ಓಡಾಡುವುದು ಅವನಿಗೆ ಸಹಿಸಲಾಗಲಿಲ್ಲ. ಮೆಚ್ಚಿಗೆಯನ್ನಷ್ಟೇ ಆರಿಸಿ ಓದಿಸಿದರೆ ಪಾಠ ಜಾಹೀರಾತಾಗುತ್ತದೆ. ಹಳಿದದ್ದನ್ನೂ ಓದಿದ ಮಗುವಿಗೆ ಬರೆದವನ ಕಣ್ಣು ಯಾವುದು, ಅವನ ರೂಢಿ ಯಾವುದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಅದೇ ಕಣ್ಣಿನಿಂದ ಅವನು ನಮ್ಮ ಕರಾವಳಿಯನ್ನೂ ನೋಡಿದ್ದಾನೆ ಎಂದು ನೆನಪಿಸಿ.

ಮಾಲಿ ಎಂದೊಡನೆ ಅಲ್ಲಿನ ಇನ್ನೊಬ್ಬ ದೊರೆ ಮನ್ಸಾ ಮೂಸಾ ಬರುತ್ತಾನೆ. 1324ರಲ್ಲಿ ಹಜ್‌ಗೆ ಹೊರಟವನು ಕೈರೋದಲ್ಲಿ ಹಂಚಿದ ಚಿನ್ನದಿಂದ ಅಲ್ಲಿ ಚಿನ್ನದ ಬೆಲೆಯೇ ಇಳಿಯಿತೆಂದು, ವರ್ಷಗಳ ಬಳಿಕ ಕೈರೋದಲ್ಲಿ ವಿಚಾರಿಸಿದ ಅರಬ್ ಬರಹಗಾರ ಅಲ್ ಉಮರಿ ದಾಖಲಿಸಿದ್ದಾನೆ. ಅಷ್ಟನ್ನು ಹೇಳಿ. ‘ಇಂದಿನ ಲೆಕ್ಕದಲ್ಲಿ ಇಷ್ಟು ಲಕ್ಷ ಕೋಟಿ ಡಾಲರ್, ಇತಿಹಾಸದ ಅತಿ ಶ್ರೀಮಂತ’ ಎಂದು ಮೊಬೈಲಿನಲ್ಲಿ ತಿರುಗಾಡುವ ಅಂಕಿಯನ್ನು ಹೇಳಬೇಡಿ. ಅವನ ಖಜಾನೆಯ ಲೆಕ್ಕಪತ್ರ ನಮ್ಮ ಮುಂದಿಲ್ಲ, ಹಾಗಾಗಿ ಆ ಅಂಕಿಗೆ ಬುಡವಿಲ್ಲ. ಜಾಣ ವಿದ್ಯಾರ್ಥಿ ‘ಹೇಗೆ ಲೆಕ್ಕ ಹಾಕಿದರು ಸರ್?’ ಎಂದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ, ಜೊತೆಗೆ ನೀವು ಹೇಳಿದ ನಿಜವೂ ತೇಲಿಹೋಗುತ್ತದೆ.

## ಹಂತ 6: ‘ಇದನ್ನು ಕಟ್ಟಿದವರು ಯಾರು?’ ಎಂಬ ತನಿಖೆ

ದಕ್ಷಿಣದ ಪ್ರಸ್ಥಭೂಮಿಯ ಗ್ರೇಟ್ ಜಿಂಬಾಬ್ವೆಯ ಚಿತ್ರ ತೋರಿಸಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಎಬ್ಬಿಸಿದ ಗೋಡೆ, ಕೆಲವೆಡೆ 11 ಮೀಟರ್ ಎತ್ತರ, ಹೊರಸುತ್ತು ಸುಮಾರು 250 ಮೀಟರ್. 11ರಿಂದ 15ನೇ ಶತಮಾನದವರೆಗೆ ಶೋನಾ ಜನರ ಪೂರ್ವಜರು ಬಾಳಿದ ನಗರ. ಆದರೆ ಈ ಉತ್ತರವನ್ನು ಮೊದಲೇ ಹೇಳಿಬಿಡಬೇಡಿ. ಸಾಕ್ಷಿಗಳನ್ನು ಒಂದೊಂದಾಗಿ ಮೇಜಿನ ಮೇಲಿಡಿ.

ಮೊದಲ ಸಾಕ್ಷಿ 1871ರದು. ಜರ್ಮನ್ ಪ್ರವಾಸಿ ಕಾರ್ಲ್ ಮೌಖ್ ಅಲ್ಲಿನ ಬಾಗಿಲಿನ ಮರದ ಒಂದು ಚೂರನ್ನು ಕೆತ್ತಿ ನೋಡಿದ. ಅದು ತನ್ನ ಪೆನ್ಸಿಲ್ಲಿನ ಮರದಂತೆಯೇ ಇದೆ ಎಂದುಕೊಂಡ. ಪೆನ್ಸಿಲ್ ದೇವದಾರುವಿನದು, ದೇವದಾರು ಲೆಬನಾನಿನದು, ಆದ್ದರಿಂದ ಇದು ಬೈಬಲಿನ ಶೀಬಾ ರಾಣಿಯ ಅರಮನೆ ಎಂದು ತೀರ್ಮಾನಿಸಿದ! ತರಗತಿಗೆ ಒಂದು ಪೆನ್ಸಿಲ್ ತೆಗೆದುಕೊಂಡು ಹೋಗಿ, ಈ ತರ್ಕದ ಸರಪಳಿಯನ್ನು ಹಲಗೆಯ ಮೇಲೆ ಬರೆದು, ಎಲ್ಲಿ ಕೊಂಡಿ ಕಳಚುತ್ತದೆ ಎಂದು ಮಕ್ಕಳಿಂದಲೇ ಹೇಳಿಸಿ. ಮರ ಅಲ್ಲೇ ಬೆಳೆಯುವ ಜಾತಿಯದು.

ಎರಡನೆಯದು, 1905ರಲ್ಲಿ ಡೇವಿಡ್ ರ್‍ಯಾಂಡಲ್ ಮೆಕೈವರ್ ಮತ್ತು 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಮ್ಸನ್ ನಡೆಸಿದ ಉತ್ಖನನ. ಇಬ್ಬರೂ ಇದು ಸ್ಥಳೀಯ ಆಫ್ರಿಕನ್ನರ ನಿರ್ಮಾಣವೆಂದೇ ಹೇಳಿದರು. ಮೂರನೆಯದು ಅಗೆತದಲ್ಲಿ ಸಿಕ್ಕ ವಸ್ತುಗಳು: ಚೀನಾದ ಪಿಂಗಾಣಿ, ಗಾಜಿನ ಮಣಿ, ಕಿಲ್ವಾದ ಒಂದು ನಾಣ್ಯ. ಇಲ್ಲಿ ಮಕ್ಕಳು ಜಾರುವ ಸಾಧ್ಯತೆ ಹೆಚ್ಚು. ‘ಹಾಗಾದರೆ ಚೀನಾದವರು ಕಟ್ಟಿದರು’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಮಡಕೆ ಸಿಕ್ಕಿತೆಂದು ಅರಿಕಮೇಡುವನ್ನು ರೋಮನ್ನರು ಕಟ್ಟಿದರು ಎನ್ನುತ್ತೇವೆಯೇ ಎಂದು ಕೇಳಿ.

ಕೊನೆಗೆ ಕೇಳಬೇಕಾದ ಪ್ರಶ್ನೆ: ಉತ್ಖನನ ಸ್ಪಷ್ಟವಾಗಿದ್ದರೂ ಹಳೆಯ ಕಥೆ ಏಕೆ ಸಾಯಲಿಲ್ಲ? ಬಿಳಿಯರ ಆಡಳಿತವಿದ್ದ ರೊಡೇಶಿಯಾದಲ್ಲಿ (ಇಂದಿನ ಜಿಂಬಾಬ್ವೆ), ಆಫ್ರಿಕನ್ನರೇ ಕಟ್ಟಿದರು ಎಂದು ಒಪ್ಪಿದರೆ ನೆಲದ ಮೇಲಿನ ತಮ್ಮ ಹಕ್ಕಿಗೆ ಪೆಟ್ಟು ಬೀಳುತ್ತಿತ್ತು. 1980ರಲ್ಲಿ ಸ್ವತಂತ್ರವಾದ ದೇಶ ಆ ಕಲ್ಲಿನ ನಗರದ ಹೆಸರನ್ನೇ ಇಟ್ಟುಕೊಂಡಿತು, ಅಲ್ಲಿ ಸಿಕ್ಕ ಕಲ್ಲಿನ ಹಕ್ಕಿಯನ್ನು ಧ್ವಜಕ್ಕೆ ಏರಿಸಿತು.

## ಹಂತ 7: ಈಗ ಗುಲಾಮಗಿರಿಯ ಪಾಠ

ಮೇಲಿನ ಆರೂ ಹಂತ ದಾಟಿದ ಮೇಲೆ ಇಲ್ಲಿಗೆ ಬನ್ನಿ. ‘ಸಕಾರಾತ್ಮಕ ಇತಿಹಾಸ’ ಎಂದು ಇದನ್ನು ಬಿಟ್ಟುಬಿಡುವುದು, ಮೃದು ಮಾಡುವುದು ಎರಡೂ ಮೋಸ. 1501ರಿಂದ 1866ರವರೆಗೆ ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದವರು ಸುಮಾರು 1.25 ಕೋಟಿ, ಜೀವಂತ ಇಳಿದವರು ಸುಮಾರು 1.07 ಕೋಟಿ. ಎರಡು ಅಂಕಿಗಳನ್ನೂ ಹಲಗೆಯ ಮೇಲೆ ಬರೆಯಿರಿ. ವ್ಯವಕಲನವನ್ನು ಮಕ್ಕಳೇ ಮಾಡಲಿ.

ಯಾವ ಕಾರಣಕ್ಕೂ ಮಾಡಬಾರದ್ದು ಅಭಿನಯ. ಹರಾಜಿನ ದೃಶ್ಯವನ್ನಾಗಲಿ ಹಡಗಿನ ಅಡಿಯನ್ನಾಗಲಿ ತರಗತಿಯಲ್ಲಿ ಆಡಿಸಬೇಡಿ. ನೋವು ಆಟವಾಗುತ್ತದೆ, ಗುಲಾಮನ ಪಾತ್ರ ಯಾವ ಮಗುವಿನ ಪಾಲಿಗೆ ಬರುತ್ತದೆ ಎಂಬುದು ನಮಗೆಲ್ಲ ಗೊತ್ತಿರುವುದೇ. ಮೈಮೇಲಿನ ಬಾಸುಂಡೆಗಳ ಚಿತ್ರಗಳನ್ನು ಗೋಡೆಗೆ ಅಂಟಿಸುವುದೂ ಬೇಡ.

‘ಆಫ್ರಿಕನ್ನರೇ ಆಫ್ರಿಕನ್ನರನ್ನು ಮಾರಿದರಲ್ಲವೇ?’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ತಪ್ಪಿಸಿಕೊಳ್ಳಬೇಡಿ. ಹೌದು, ಕರಾವಳಿಯ ಅರಸರೂ ವರ್ತಕರೂ ಯುದ್ಧದ ಸೆರೆಯಾಳುಗಳನ್ನು ಮಾರಿದರು. ಅವರ ಪಾಲಿಗೆ ಆ ಸೆರೆಯಾಳು ಇನ್ನೊಂದು ರಾಜ್ಯದವನು, ‘ಆಫ್ರಿಕದವನು’ ಎಂಬ ಒಂದೇ ಗುರುತು ಆಗ ಇರಲಿಲ್ಲ. ಜೊತೆಗೇ ಕಾಂಗೋದ ಅರಸ ಅಫೊನ್ಸೊ 1526ರಲ್ಲಿ ಪೋರ್ಚುಗಲ್ಲಿನ ದೊರೆಗೆ ಬರೆದ ಪತ್ರಗಳನ್ನು ಹೇಳಿ: ನಿಮ್ಮ ವರ್ತಕರು ನಮ್ಮ ಪ್ರಜೆಗಳನ್ನೂ ಕುಲೀನರ ಮಕ್ಕಳನ್ನೂ ಹಿಡಿದೊಯ್ಯುತ್ತಿದ್ದಾರೆ ಎಂಬ ದೂರು ಅದು. ಅದೇ ಅಫೊನ್ಸೊ ಸೆರೆಯಾಳುಗಳನ್ನು ಮಾರಿದವನೂ ಹೌದು. ಪಶ್ಚಿಮ ಆಫ್ರಿಕಾದ ಟಿಂಬಕ್ಟುವಿನ ವಿದ್ವಾಂಸ ಅಹ್ಮದ್ ಬಾಬಾನದು ಇನ್ನೊಂದು ಉದಾಹರಣೆ. ಮೊರಾಕ್ಕೋದ ಸೇನೆ ಅವನನ್ನೇ ಸೆರೆ ಹಿಡಿದು ಮರ್ರಾಕೇಶ್‌ಗೆ ಒಯ್ದಿತ್ತು. ಊರಿಗೆ ಮರಳಿದ ಮೇಲೆ 1615ರಲ್ಲಿ, ಕಪ್ಪು ಬಣ್ಣ ಗುಲಾಮಗಿರಿಗೆ ಕಾರಣವಾಗದು ಎಂದು ಬರೆದ. ಮುಸ್ಲಿಮರಲ್ಲದ ಸೆರೆಯಾಳುಗಳ ವಿಷಯದಲ್ಲಿ ಮಾತ್ರ ಗುಲಾಮಗಿರಿಯನ್ನು ಒಪ್ಪಿದ. ಇಂಥ ತೊಡಕುಗಳನ್ನು ಹದಿಹರೆಯದ ಮಕ್ಕಳು ಚೆನ್ನಾಗಿಯೇ ಅರಗಿಸಿಕೊಳ್ಳುತ್ತಾರೆ. ಹೆದರುವವರು ನಾವು.

ಗುಲಾಮರನ್ನು ಬರೀ ದುಡಿಯುವ ಮೈಗಳಾಗಿ ತೋರಿಸದಿರಲು ಇಬ್ಬರು ಸಾಕು. ಬೋಸ್ಟನ್ನಿನಲ್ಲಿ ಗುಲಾಮನಾಗಿದ್ದ ಒನೆಸಿಮಸ್, ತನ್ನ ನಾಡಿನಲ್ಲಿ ಸಿಡುಬಿನ ಕೀವನ್ನು ಚರ್ಮಕ್ಕೆ ಸೋಕಿಸಿ ರೋಗ ತಡೆಯುವ ವಿಧಾನವನ್ನು ಒಡೆಯನಿಗೆ ವಿವರಿಸಿದ. 1721ರ ಸಿಡುಬಿನ ಹಾವಳಿಯಲ್ಲಿ ಅಲ್ಲಿನ ವೈದ್ಯರೊಬ್ಬರು ಅದನ್ನು ಪ್ರಯೋಗಿಸಿ ಅನೇಕರನ್ನು ಉಳಿಸಿದರು. ಇನ್ನೊಬ್ಬ, ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯುಸ್. 1841ರಲ್ಲಿ, 12 ವರ್ಷದ ಗುಲಾಮ ಹುಡುಗನಾಗಿದ್ದಾಗ, ವೆನಿಲ್ಲಾ ಹೂವಿನೊಳಗಿನ ತೆಳು ಪರದೆಯನ್ನು ಕಡ್ಡಿಯಿಂದ ಎತ್ತಿ ಹೆಬ್ಬೆರಳಿನಿಂದ ಒತ್ತಿ ಪರಾಗಸ್ಪರ್ಶ ಮಾಡುವ ಉಪಾಯ ಕಂಡುಕೊಂಡ. ಮಲೆನಾಡಿನ ಶಾಲೆಯಾದರೆ ಬೆಳಿಗ್ಗೆ ತೋಟಕ್ಕೆ ಹೋಗಿ ಅದೇ ಕಡ್ಡಿ, ಅದೇ ಹೆಬ್ಬೆರಳಿನ ಕೆಲಸ ಮಾಡಿ ಬಂದ ಮಗು ತರಗತಿಯಲ್ಲೇ ಇರಬಹುದು, ಆ ಮಗುವಿನಿಂದಲೇ ಮಾಡಿಸಿ ತೋರಿಸಿ. ವೆನಿಲ್ಲಾ ಉದ್ಯಮ ಬೆಳೆಯಿತು, ಎಡ್ಮಂಡ್ ಬಡತನದಲ್ಲೇ ಸತ್ತ. ಅದನ್ನೂ ಹೇಳಿ.

ಕೊನೆಯ ಅವಧಿ ಹೈಟಿಗೆ. 1791ರ ಆಗಸ್ಟಿನಲ್ಲಿ ಫ್ರೆಂಚ್ ವಸಾಹತಿನ ಗುಲಾಮರು ದಂಗೆ ಎದ್ದರು. ತೂಸೆಂ ಲುವರ್ತ್ಯೂರ್ ಅವರ ಸೇನೆಯನ್ನು ಕಟ್ಟಿದ, ನೆಪೋಲಿಯನ್ನನ ಸೆರೆಯಲ್ಲಿ 1803ರಲ್ಲಿ ಸತ್ತ. ಮರುವರ್ಷ ಜನವರಿ 1ರಂದು ಅವನ ಸೇನಾನಿಯಾಗಿದ್ದ ಡೆಸಲಿನ್ ಸ್ವಾತಂತ್ರ್ಯ ಘೋಷಿಸಿದ. 1825ರಲ್ಲಿ ಫ್ರಾನ್ಸ್ ಯುದ್ಧ ನೌಕೆಗಳನ್ನು ಕಳಿಸಿ, ಮಾನ್ಯತೆ ಬೇಕಾದರೆ 15 ಕೋಟಿ ಫ್ರಾಂಕ್ ಪರಿಹಾರ ಕೊಡಬೇಕೆಂದಿತು. ‘ಸ್ವಾತಂತ್ರ್ಯ, ಸಮಾನತೆ, ಸಹೋದರತೆ’ ಎಂದು ಹಿಂದಿನ ತಿಂಗಳು ಬರೆದ ಟಿಪ್ಪಣಿಯನ್ನು ಮಕ್ಕಳು ಈಗ ಮತ್ತೆ ತೆರೆಯಲಿ.

## ಹಂತ 8: ನಮ್ಮ ನೆಲದ ಕೊಂಡಿ, ಎಚ್ಚರಿಕೆಯಿಂದ

ಸುಲಭದ ಕೊಂಡಿ ಊಟದ ತಟ್ಟೆಯಲ್ಲಿದೆ. ರಾಗಿ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ, ಜೋಳ ಸುಡಾನ್ ಭಾಗದಲ್ಲಿ, ಸಜ್ಜೆ ಮತ್ತು ಅಲಸಂದೆ ಪಶ್ಚಿಮ ಆಫ್ರಿಕಾದಲ್ಲಿ ರೈತರು ಮೊದಲು ಪಳಗಿಸಿದ ಬೆಳೆಗಳು. ಮುದ್ದೆ, ರೊಟ್ಟಿ ನಮ್ಮದಲ್ಲವೇ ಎಂದು ಮಕ್ಕಳು ವಾದಿಸಿದರೆ ವಾದಿಸಲಿ. ಸಾವಿರಾರು ವರ್ಷ ಬೆಳೆದು ತಳಿ ಮಾಡಿಕೊಂಡವರು ನಮ್ಮವರೂ ಹೌದು. ಸವಣೂರಿನ ಆಸುಪಾಸಿನ ಶಾಲೆಯವರು ಅಲ್ಲಿನ ದೊಡ್ಡ ಹುಣಸೆ ಮರಗಳನ್ನು ತೋರಿಸಿ ತರಬಹುದು. ಅವು ಆಫ್ರಿಕಾ ಮೂಲದ ಬಾವೋಬಾಬ್.

ಮಲಿಕ್ ಅಂಬರ್‌ಗೆ ಒಂದು ಚಿತ್ರ ಸಾಕು. ಜಹಾಂಗೀರ್ ಭೂಗೋಳದ ಮೇಲೆ ನಿಂತು, ಭರ್ಜಿಗೆ ಸಿಕ್ಕಿಸಿದ ಅಂಬರ್‌ನ ತಲೆಗೆ ಬಾಣ ಬಿಡುತ್ತಿರುವ ಮೊಘಲ್ ಚಿತ್ರವದು. ಯುದ್ಧದಲ್ಲಿ ಗೆದ್ದವರು ಯಾರು ಎಂದು ಕೇಳಿ. ಎಲ್ಲರೂ ಜಹಾಂಗೀರ್ ಎನ್ನುತ್ತಾರೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹ್ಮದ್‌ನಗರದ ಆಡಳಿತವನ್ನೇ ಹಿಡಿದ ಅಂಬರ್ ಮೊಘಲರ ಕೈಗೆ ಸಿಗದೆ 1626ರಲ್ಲಿ ಮುಪ್ಪಿನಿಂದ ಸತ್ತ. ಆ ತಲೆ ಕತ್ತರಿಸಿದ್ದು ಕುಂಚದಲ್ಲಿ ಮಾತ್ರ. ವಿಜಯಪುರದವರು ಮುಹಮ್ಮದ್ ಆದಿಲ್ ಶಾಹನ ಹಬ್ಶಿ (ಆಫ್ರಿಕಾ ಮೂಲದ) ಮಂತ್ರಿ ಇಖ್ಲಾಸ್ ಖಾನ್‌ನ ಚಿತ್ರಗಳನ್ನು ಸೇರಿಸಿಕೊಳ್ಳಬಹುದು.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಶಾಲೆಗಳಲ್ಲಿ ಸಿದ್ದಿ ಮಕ್ಕಳು ಇರುತ್ತಾರೆ. ಅವರನ್ನು ಎಬ್ಬಿಸಿ ನಿಲ್ಲಿಸಿ ‘ನೋಡಿ, ಇವರು ಆಫ್ರಿಕಾದಿಂದ ಬಂದವರು’ ಎನ್ನಬೇಡಿ, ಡಮಾಮಿ ಕುಣಿತಕ್ಕೆ ಕರೆಯಬೇಡಿ. ಅವರು ತಲೆತಲಾಂತರದಿಂದ ಇಲ್ಲಿಯವರು. ಕನ್ನಡ, ಕೊಂಕಣಿ, ಮರಾಠಿ, ಉರ್ದು ಆಡುವವರು. ಹಿಂದೂ, ಮುಸ್ಲಿಂ, ಕ್ರೈಸ್ತರಾಗಿ ಬಾಳುವವರು. ಹೇಳಬೇಕೆನಿಸಿದರೆ ಮಗು ತಾನೇ ಹೇಳುತ್ತದೆ. ಸಮುದಾಯದ ಹಿರಿಯರೊಬ್ಬರನ್ನು ಅತಿಥಿಯಾಗಿ ಕರೆಯುವುದಾದರೆ ಕುಣಿತದ ಬಗ್ಗೆಯಷ್ಟೇ ಕೇಳದೆ, ಕಾಡಿನ ಹಕ್ಕು, 2003ರಲ್ಲಿ ಸಿಕ್ಕ ಪರಿಶಿಷ್ಟ ಪಂಗಡದ ಸ್ಥಾನಮಾನ, ಮಕ್ಕಳ ಓದು ಇವುಗಳ ಬಗ್ಗೆಯೂ ಪ್ರಶ್ನೆ ಸಿದ್ಧಪಡಿಸಿ.

## ಹಂತ 9: ಪ್ರಶ್ನೆ ಪತ್ರಿಕೆ

ಪರೀಕ್ಷೆಯಲ್ಲಿ ಕೇಳದಿದ್ದರೆ ಮೇಲಿನದೆಲ್ಲ ಕಥೆ ಹೇಳಿದಂತೆ. ‘ಗುಲಾಮರ ಕಷ್ಟಗಳನ್ನು ವಿವರಿಸಿ’ ಎಂಬ ಪ್ರಶ್ನೆ ಬೇಡ, ಅದು ಮತ್ತೆ ಅಯ್ಯೋ ಎನಿಸಲು ಕೊಡುವ ಆಹ್ವಾನ. ‘ಕಾರ್ಲ್ ಮೌಖ್‌ನ ತೀರ್ಮಾನವನ್ನು ಯಾವ ಸಾಕ್ಷಿಗಳು ತಳ್ಳಿಹಾಕುತ್ತವೆ?’, ‘ಇಬ್ನ್ ಬತೂತನ ಯಾವ ಮಾತನ್ನು ನಂಬುವಿರಿ, ಯಾವುದನ್ನು ಇಲ್ಲ, ಏಕೆ?’, ‘ಅಡ್ವಾ ಮತ್ತು ಹೈಟಿ, ಎರಡರಲ್ಲೂ ಗೆಲುವಿನ ನಂತರ ಏನಾಯಿತು?’ ಇಂಥವನ್ನು ಕೇಳಿ.

ತಿದ್ದುವಾಗ ಮೂರು ಲಕ್ಷಣಗಳ ಮೇಲೆ ಕಣ್ಣಿಡಿ. ಉತ್ತರದಲ್ಲಿ ‘ಪಾಪ’, ‘ಮುಗ್ಧ ಜನ’ ಪದೇ ಪದೇ ಬಂದರೆ ನಾಲ್ಕನೆಯ ಹಂತ ಸಡಿಲಾಗಿದೆ. ‘ಅಂಥ ಕಾಲದಲ್ಲೂ’, ‘ಅವರಲ್ಲೂ’ ಎಂಬ ಅಚ್ಚರಿ ಬಂದರೆ ಹೊಗಳಿಕೆ ಹೆಚ್ಚಾಗಿದೆ. ಊರು, ಶತಮಾನ ಯಾವುದೂ ಇಲ್ಲದೆ ‘ಆಫ್ರಿಕಾದವರು’ ಎಂದೇ ಉತ್ತರ ತುಂಬಿದ್ದರೆ ಎರಡನೆಯ ಹಂತದ ನಕ್ಷೆಗೆ ಮರಳಿ.

ಎಲ್ಲ ಹಂತಗಳಿಗೂ ಅವಧಿ ಸಿಗದ ಶಾಲೆಗಳಿವೆ. ಒಂದೇ ಅವಧಿ ಇದ್ದರೆ ಇಬ್ನ್ ಬತೂತನ ಮೂರು ರೊಟ್ಟಿಯ ಪ್ರಸಂಗ ಮಾಡಿ. ಎರಡಿದ್ದರೆ ಪೆನ್ಸಿಲ್ ಹಿಡಿದು ಗ್ರೇಟ್ ಜಿಂಬಾಬ್ವೆಗೆ ಹೋಗಿ. ಮೂರನೆಯದು ಹೈಟಿಗೆ. ಅದನ್ನು ಫ್ರಾನ್ಸಿನ ಕ್ರಾಂತಿಯ ಲೆಕ್ಕದಲ್ಲೇ ತೋರಿಸಬಹುದು, ದಿನಚರಿ ಪುಸ್ತಕದಲ್ಲಿ ಪ್ರತ್ಯೇಕ ಘಟಕ ಬರೆಯುವ ಅಗತ್ಯವಿಲ್ಲ.